ಒಂದು ದೇಶ ಬೇಡ, ಒಂದು ದಾರಿ ಸಾಕು

ಮನೆಮಂದಿಯೆಲ್ಲ ಸೇರಿ ಕುಳಿತಲ್ಲಿಂದಲೇ ಪರದೇಶ ನೋಡುವ ಹವ್ಯಾಸದ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳೇ ಈ ಸಲದ ಅಂಕಣವನ್ನು ತುಂಬಿವೆ. ವಿದೇಶಿ ಅಂಚೆ ವಿಂಗಡಿಸುವ ಕೆಲಸದಲ್ಲಿ ಆಯುಷ್ಯದ ಬಹುಪಾಲು ಕಳೆದವಳು ನಾನು. ಲಕೋಟೆಯ ಮೇಲಿನ ವಿಳಾಸ ಓದಿ, ಆ ಬೀದಿ ಹೇಗಿರಬಹುದು, ಆ ಬಾಗಿಲು ತೆರೆಯುವವರು ಯಾರಿರಬಹುದು ಎಂದು ಊಹಿಸುವ ಅಭ್ಯಾಸ ಅಲ್ಲಿ ಅಂಟಿಕೊಂಡಿತು. ಈಗ ಅದು ನನ್ನ ಗಂಡನಿಗೂ ಮಗಳಿಗೂ ಮೊಮ್ಮಕ್ಕಳಿಗೂ ಹತ್ತಿದೆ. ನಮ್ಮ ಮನೆಯಲ್ಲಿ ನಡೆದು ಫಲ ಕೊಟ್ಟದ್ದನ್ನೇ ಇಲ್ಲಿ ಹೇಳುತ್ತೇನೆ.

ಪ್ರಶ್ನೆ: ವಾರಕ್ಕೊಂದು ದೇಶ ಎಂದು ಶುರು ಮಾಡಿದೆವು. ರಾಜಧಾನಿ, ಧ್ವಜ, ನಾಣ್ಯ, ಜನಸಂಖ್ಯೆ ಎಲ್ಲವನ್ನೂ ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸುತ್ತೇವೆ. ಮೊದಮೊದಲು ಕುಣಿದಾಡುತ್ತಿದ್ದ ಮಕ್ಕಳು ಈಗ ‘ಇವತ್ತು ಬೇಡ’ ಎನ್ನುತ್ತಾರೆ. ಏನು ಮಾಡಲಿ? — ಇಬ್ಬರು ಮಕ್ಕಳ ತಾಯಿ

ಉತ್ತರ: ಮಕ್ಕಳನ್ನು ದೂರಬೇಡಿ. ಧ್ವಜ, ರಾಜಧಾನಿ, ನಾಣ್ಯ ಇವೆಲ್ಲ ಪರೀಕ್ಷೆಗೆ ಬರುವ ಸಂಗತಿಗಳು. ಶಾಲೆ ಮುಗಿಸಿ ಬಂದ ಮೇಲೂ ಶಾಲೆಯೇ ಮುಂದುವರಿದರೆ ಯಾವ ಮಗು ತಾನೇ ಕುಳಿತೀತು? ದೇಶವೆಂಬುದು ವಾರದಲ್ಲಿ ಮುಗಿಯುವಷ್ಟು ಸಣ್ಣದಲ್ಲ, ಮಗುವಿನ ಕಣ್ಣಿಗೆ ನಿಲುಕುವಷ್ಟು ಹತ್ತಿರದ್ದೂ ಅಲ್ಲ. ದೇಶವನ್ನು ಪಕ್ಕಕ್ಕಿಟ್ಟು ಅದರೊಳಗಿನ ಒಂದೇ ಒಂದು ದಾರಿಯನ್ನು ಹಿಡಿಯಿರಿ. ಅದು ರೈಲು ಮಾರ್ಗವಾಗಲಿ, ನದಿಯಾಗಲಿ, ದ್ವೀಪಗಳ ನಡುವೆ ಓಡಾಡುವ ದೋಣಿಯ ದಾರಿಯಾಗಲಿ. ದಾರಿಗೆ ಮೊದಲಿದೆ, ಕೊನೆಯಿದೆ, ತಿರುವಿನಾಚೆ ಏನಿದೆಯೋ ಎಂಬ ಕುತೂಹಲವಿದೆ. ‘ಮುಂದೇನು?’ ಎಂದು ಮಗುವೇ ಕೇಳುತ್ತದೆ, ನೀವು ಕೇಳಿಸಬೇಕಾಗಿಲ್ಲ.

ನಾವು ಬಹಳ ಕಾಲ ಹಿಡಿದು ಕುಳಿತದ್ದು ನಾರ್ವೆಯ ಬರ್ಗೆನ್‌ನಿಂದ ಓಸ್ಲೋಗೆ ಹೋಗುವ ರೈಲನ್ನು. ಪಶ್ಚಿಮ ಕರಾವಳಿಯಿಂದ ಹೊರಟು, ಬೆಟ್ಟ ಹತ್ತಿ, ಪ್ರಸ್ಥಭೂಮಿಯನ್ನು ದಾಟಿ ರಾಜಧಾನಿಗೆ ಇಳಿಯುವ ಈ ಮಾರ್ಗ 1909ರಲ್ಲಿ ಪೂರ್ತಿಯಾಗಿ ತೆರೆಯಿತು. ನೂರು ವರ್ಷ ತುಂಬಿದ ಸಂದರ್ಭದಲ್ಲಿ, 2009ರ ನವೆಂಬರಿನಲ್ಲಿ, ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆ ಏಳು ಗಂಟೆಗೂ ಮಿಕ್ಕ ಇಡೀ ಪ್ರಯಾಣವನ್ನು ಮೊದಲಿನಿಂದ ಕೊನೆಯವರೆಗೆ ಟಿವಿಯಲ್ಲಿ ತೋರಿಸಿತು. ಆಗ 50 ಲಕ್ಷಕ್ಕೂ ಕಡಿಮೆ ಜನರಿದ್ದ ಆ ದೇಶದಲ್ಲಿ ಹತ್ತು ಲಕ್ಷಕ್ಕಿಂತ ಹೆಚ್ಚು ಮಂದಿ ಅದನ್ನು ಸ್ವಲ್ಪವಾದರೂ ನೋಡಿದರು. ರೈಲಿನ ಮುಂಭಾಗದಿಂದ ಕಾಣುವ ಹಳಿ, ಬೆಟ್ಟ, ಸುರಂಗ, ನಿಲ್ದಾಣ ಇವೇ ಅದರಲ್ಲಿ ಮುಖ್ಯ. ಅದು ಅಂತರ್ಜಾಲದಲ್ಲಿ ಈಗಲೂ ಸಿಗುತ್ತದೆ. ಒಂದೇ ಉಸಿರಿಗೆ ನೋಡಬೇಡಿ. ನಾವು ಒಂದು ಸಂಜೆಗೆ ಒಂದು ನಿಲ್ದಾಣದಿಂದ ಇನ್ನೊಂದು ದೊಡ್ಡ ನಿಲ್ದಾಣದವರೆಗೆ ಮಾತ್ರ ಹೋಗುತ್ತಿದ್ದೆವು. ನೆಲದ ಮೇಲೆ ಕಾಗದದ ನಕ್ಷೆ ಹರಡಿ, ರೈಲು ಸಾಗಿದಷ್ಟು ದೂರ ಕೆಂಪು ದಾರ ಎಳೆದು ಗುಂಡುಪಿನ್ನು ಚುಚ್ಚುತ್ತಿದ್ದೆವು.

ಹೀಗೆ ನಿಧಾನವಾಗಿ ಹೋದರೆ ಏನು ಕಾಣುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಬರ್ಗೆನ್ ಬಿಟ್ಟ ಮೇಲೆ ಹಳಿಯ ಇಕ್ಕೆಲದಲ್ಲೂ ಮರಗಳಿರುತ್ತವೆ. ಮೀರ್ಡಾಲ್ ಕಡೆಗೆ ಏರುತ್ತಿದ್ದಂತೆ ಮರಗಳು ಗಿಡ್ಡವಾಗುತ್ತವೆ, ಆಮೇಲೆ ಪೊದೆಗಳಾಗುತ್ತವೆ, ಆಮೇಲೆ ಇಲ್ಲವೇ ಇಲ್ಲ. ಬರೀ ಬಂಡೆ, ನೀರು, ಹಿಮ. ಹಳಿಯ ಮೇಲೆ ಅಲ್ಲಲ್ಲಿ ಹಲಗೆಯ ಮಾಡು ಬರುತ್ತದೆ, ಗಾಳಿ ತಂದು ಸುರಿಯುವ ಹಿಮ ಹಳಿಯನ್ನು ಮುಚ್ಚದಿರಲೆಂದು ಕಟ್ಟಿದ್ದು. ಓಸ್ಲೋ ಕಡೆಗೆ ಇಳಿಯತೊಡಗಿದಾಗ ಮೊದಲು ಪೊದೆ, ಮತ್ತೆ ಗಿಡ, ಮತ್ತೆ ಮರ ಮರಳುತ್ತವೆ. ನನ್ನ ಮೊಮ್ಮಗಳು ಇದನ್ನು ತಾನಾಗಿಯೇ ಕಂಡುಹಿಡಿದು, ಮರ ಮಾಯವಾದ ಜಾಗಕ್ಕೂ ಮರಳಿ ಬಂದ ಜಾಗಕ್ಕೂ ನಕ್ಷೆಯಲ್ಲಿ ಎಲೆಯ ಚಿತ್ರ ಬರೆದಳು. ಎತ್ತರ ಹೆಚ್ಚಿದಂತೆ ಮರ ಬೆಳೆಯುವುದಕ್ಕೆ ಒಂದು ಗಡಿ ಇದೆ ಎಂಬ ಪಾಠವನ್ನು ಯಾರೂ ಅವಳಿಗೆ ಹೇಳಲಿಲ್ಲ.

ಮಾರ್ಗದ ನೆತ್ತಿಯಲ್ಲಿರುವುದು ಫಿನ್ಸೆ ನಿಲ್ದಾಣ, ಸಮುದ್ರಮಟ್ಟದಿಂದ 1,222 ಮೀಟರ್ ಎತ್ತರದಲ್ಲಿ. ಅಲ್ಲಿಗೆ ಕಾರು ಹೋಗುವ ರಸ್ತೆಯಿಲ್ಲ. ರೈಲು ಬೇಕು, ಇಲ್ಲವೆಂದರೆ ಕಾಲ್ನಡಿಗೆ, ಸ್ಕೀ, ಸೈಕಲ್. ಹಳಿ ಹಾಕುವ ಕಾಲದಲ್ಲಿ ಸಾಮಾನು ಸಾಗಿಸಲು ಮಾಡಿಕೊಂಡ ರಸ್ತೆಯೇ ಈಗ ಬೇಸಿಗೆಯ ಸೈಕಲ್ ದಾರಿ. ‘ಹಾಗಾದರೆ ಅಲ್ಲಿ ಕಾಯಿಲೆ ಬಿದ್ದವರನ್ನು ಹೇಗೆ ಕರೆದೊಯ್ಯುತ್ತಾರೆ?’ ಎಂದು ಮೊಮ್ಮಗ ಕೇಳಿದ. ಆ ಒಂದು ಪ್ರಶ್ನೆಯ ಹಿಂದೆ ನಾವು ಮುಂದಿನ ಎರಡು ವಾರಾಂತ್ಯ ಓಡಾಡಿದೆವು. ನಾರ್ವೆಯ ಜನಸಂಖ್ಯೆ ಎಷ್ಟೆಂದು ಅವನು ಮರೆತಿರಬಹುದು. ಫಿನ್ಸೆಯನ್ನು ಮರೆಯಲಾರ.

ನಿಮ್ಮ ಗೋಡೆಯ ಹಾಳೆಗಳನ್ನು ತೆಗೆದುಹಾಕಬೇಕೆಂದಿಲ್ಲ. ಅವುಗಳಲ್ಲಿ ಒಂದನ್ನು ಆರಿಸಿ, ಆ ದೇಶದೊಳಗೆ ಒಂದು ದಾರಿ ಹುಡುಕಿ, ಮಕ್ಕಳಿಗೆ ಬೇಸರ ಬರುವವರೆಗೆ ಅಲ್ಲೇ ಇರಿ.

ಪ್ರಶ್ನೆ: ನಮ್ಮಲ್ಲಿ ಆರು ವರ್ಷದ ಮಗಳು, ಹೈಸ್ಕೂಲಿನ ಮಗ, ಓದು ಬಾರದ ಅಜ್ಜಿ ಇದ್ದಾರೆ. ಎಲ್ಲರನ್ನೂ ಒಂದೇ ಚಟುವಟಿಕೆಗೆ ಕೂರಿಸುವುದು ಹೇಗೆ? — ಒಬ್ಬ ತಂದೆ

ಉತ್ತರ: ಒಂದೇ ಚಟುವಟಿಕೆಗೆ ಕೂರಿಸಬೇಡಿ. ಜಾಗ ಒಂದೇ ಇರಲಿ, ಕೆಲಸ ಬೇರೆ ಬೇರೆ ಇರಲಿ.

ಅಜ್ಜಿಗೆ ಕಿವಿ ಕೊಡಿ. ನೆದರ್ಲೆಂಡ್ಸ್‌ನಲ್ಲಿ 2016ರಲ್ಲಿ ಶುರುವಾದ ರೇಡಿಯೋ ಗಾರ್ಡನ್ ಎಂಬ ಜಾಲತಾಣವಿದೆ. ತಿರುಗುವ ಭೂಗೋಳದ ಮೇಲೆ ಹಸಿರು ಚುಕ್ಕೆಗಳಿರುತ್ತವೆ, ಒಂದು ಚುಕ್ಕೆಯ ಮೇಲೆ ನಿಂತರೆ ಆ ಊರಿನ ರೇಡಿಯೋ ಆ ಕ್ಷಣದಲ್ಲಿ ಏನು ಪ್ರಸಾರ ಮಾಡುತ್ತಿದೆಯೋ ಅದು ಕೇಳುತ್ತದೆ. ಭಾಷೆ ತಿಳಿಯದಿದ್ದರೂ ಹಾಡು ತಿಳಿಯುತ್ತದೆ, ಸುದ್ದಿ ಓದುವ ಧಾಟಿ ತಿಳಿಯುತ್ತದೆ, ಪ್ರಾರ್ಥನೆ ಯಾವುದು ಜಾಹೀರಾತು ಯಾವುದು ಎಂದು ಗೊತ್ತಾಗುತ್ತದೆ. ಓದು ಬಾರದವರು ಈ ವಿಷಯದಲ್ಲಿ ಉಳಿದವರಿಗಿಂತ ಚುರುಕು. ‘ಇದು ಲಾಲಿ ಹಾಡೇ ಇರಬೇಕು’ ಎಂದು ಅಜ್ಜಿ ಹೇಳಲಿ, ಹೌದೋ ಅಲ್ಲವೋ ಎಂದು ಹುಡುಕಿ ತರುವುದು ಮೊಮ್ಮಕ್ಕಳ ಕೆಲಸ.

ಹೈಸ್ಕೂಲಿನ ಹುಡುಗನಿಗೆ ಪತ್ತೇದಾರಿ ಕೊಡಿ. ಅಂತರ್ಜಾಲದ ನಕ್ಷೆಯ ಬೀದಿ ಚಿತ್ರಗಳಲ್ಲಿ (ಸ್ಟ್ರೀಟ್ ವ್ಯೂ) ಯಾವುದೋ ಗೊತ್ತಿಲ್ಲದ ರಸ್ತೆಯನ್ನು ನೀವು ತೆರೆದಿಡಿ, ಅದು ಎಲ್ಲಿಯದೆಂದು ಅವನು ಹೇಳಲಿ. ವಾಹನ ರಸ್ತೆಯ ಯಾವ ಬದಿಯಲ್ಲಿದೆ, ಫಲಕದ ಲಿಪಿ ಯಾವುದು, ವಿದ್ಯುತ್ ಕಂಬದ ಆಕಾರ ಹೇಗಿದೆ, ನೆರಳು ಯಾವ ದಿಕ್ಕಿಗೆ ಬಿದ್ದಿದೆ ಎಂದು ನೋಡಬೇಕು. ಮಕರ ಸಂಕ್ರಾಂತಿ ವೃತ್ತದಿಂದ ದಕ್ಷಿಣಕ್ಕಿರುವ ಊರುಗಳಲ್ಲಿ ನಡುಹಗಲ ಸೂರ್ಯ ಯಾವಾಗಲೂ ಉತ್ತರದ ಆಕಾಶದಲ್ಲಿರುತ್ತಾನೆ. ಇದೊಂದು ಗೊತ್ತಾದರೆ ಅರ್ಧ ಭೂಮಿಯನ್ನು ಪಕ್ಕಕ್ಕೆ ಸರಿಸಬಹುದು. ಹಳೆಯ ಫೋಟೊಗಳನ್ನು ತೋರಿಸಿದರೆ ಇನ್ನೂ ಸೊಗಸು. ಸ್ವೀಡನ್ನಿನ ಫೋಟೊದಲ್ಲಿ ವಾಹನಗಳು ಎಡಕ್ಕಿದ್ದರೆ ಅದು 1967ರ ಸೆಪ್ಟೆಂಬರ್ 3ಕ್ಕಿಂತ ಹಿಂದಿನದು, ಏಕೆಂದರೆ ಅಂದು ಇಡೀ ದೇಶ ಬಲಬದಿಗೆ ಬದಲಾಯಿತು.

ಆರು ವರ್ಷದ ಮಗಳಿಗೆ ಗಡಿಯಾರ. ಆ ಜಾಗದ ಸಮಯ ತೋರಿಸುವ ಇನ್ನೊಂದು ಗಡಿಯಾರವನ್ನು ಅವಳ ಕೈಯಿಂದಲೇ ಹೊಂದಿಸಿ ಗೋಡೆಗೆ ತೂಗುಹಾಕಿಸಿ. ‘ಈಗ ಅಲ್ಲಿನ ಮಕ್ಕಳು ಏಳುತ್ತಿರಬಹುದು’ ಎಂದು ಅವಳು ಹೇಳಲು ಶುರು ಮಾಡಿದ ದಿನ ನಿಮ್ಮ ಅರ್ಧ ಕೆಲಸ ಮುಗಿಯಿತು. ಇಥಿಯೋಪಿಯಾಕ್ಕೆ ಹೊರಟಾಗ ಎರಡು ಗಡಿಯಾರಗಳನ್ನು ಹೊಸದಾಗಿ ಹಾಕಬೇಕಾಗುತ್ತದೆ. ಅಲ್ಲಿನ ಜನ ಗಂಟೆಯನ್ನು ಬೆಳಗಿನಿಂದ ಎಣಿಸುವುದರಿಂದ, ಕೈಗಡಿಯಾರದ ಬೆಳಗಿನ ಏಳು ಅವರ ಮಾತಿನಲ್ಲಿ ಒಂದು ಗಂಟೆ. ಅವರ ವರ್ಷಕ್ಕೆ ತಿಂಗಳೂ 13.

ಪ್ರಶ್ನೆ: ಮಗಳು ನಕ್ಷೆ ನೋಡಿ ‘ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾ?’ ಎಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ: ಆಫ್ರಿಕಾ ಗ್ರೀನ್‌ಲ್ಯಾಂಡಿಗಿಂತ ಸುಮಾರು 14 ಪಟ್ಟು ದೊಡ್ಡದು. ಅವಳು ನೋಡಿದ್ದು ಮರ್ಕೇಟರ್ ಎಂಬ ನಕ್ಷೆಗಾರ 1569ರಲ್ಲಿ ರೂಪಿಸಿದ ಮಾದರಿಯ ನಕ್ಷೆ. ಹಡಗಿನವರು ದಿಕ್ಸೂಚಿಯ ಒಂದೇ ದಿಕ್ಕು ಹಿಡಿದು ಸಾಗುವ ದಾರಿ ನೇರ ಗೆರೆಯಾಗಿ ಬರಲೆಂದು ಮಾಡಿದ್ದು ಅದು. ಆ ಅನುಕೂಲಕ್ಕೆ ಬೆಲೆಯಾಗಿ ಧ್ರುವಗಳ ಕಡೆಗಿನ ನೆಲವೆಲ್ಲ ಹಿಗ್ಗಿಹೋಗುತ್ತದೆ. ಬಾಯಲ್ಲಿ ವಿವರಿಸಬೇಡಿ. ಒಂದು ಗ್ಲೋಬ್ ತನ್ನಿ, ತೆಳು ಕಾಗದವಿಟ್ಟು ಗ್ರೀನ್‌ಲ್ಯಾಂಡಿನ ಅಂಚನ್ನು ಅವಳೇ ಬರೆದು ಕತ್ತರಿಸಲಿ, ಆ ತುಂಡನ್ನು ಆಫ್ರಿಕಾದ ಮೇಲಿಟ್ಟು ನೋಡಲಿ.

ಪ್ರಶ್ನೆ: ವಸ್ತುಸಂಗ್ರಹಾಲಯಗಳ ಆನ್‌ಲೈನ್ ಪ್ರವಾಸ ಮಾಡಿದೆವು. ಕೋಣೆಯಿಂದ ಕೋಣೆಗೆ ಒತ್ತುತ್ತಾ ಹೋದದ್ದಷ್ಟೇ, ಏನೂ ಉಳಿಯಲಿಲ್ಲ.

ಉತ್ತರ: ಕೋಣೆಗಳನ್ನು ಬಿಡಿ, ಒಂದು ಚಿತ್ರ ಸಾಕು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ ತನ್ನಲ್ಲಿರುವ ರೆಂಬ್ರಾಂಟನ ‘ನೈಟ್ ವಾಚ್’ ಚಿತ್ರದ 717 ಗಿಗಾಪಿಕ್ಸೆಲ್ ಛಾಯಾಚಿತ್ರವನ್ನು 2022ರಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಎದುರಿಗೆ ನಿಂತವರಿಗೂ ಕಾಣದಷ್ಟು ಹತ್ತಿರ ಹೋಗಬಹುದು, ಬಣ್ಣ ಬಿರುಕು ಬಿಟ್ಟಿರುವುದು ಕೂಡ ಕಾಣುತ್ತದೆ. ಮಕ್ಕಳಿಗೆ ಹೀಗೆ ಹೇಳಿ: ಬೆಳಕಿನಲ್ಲಿ ನಿಂತಿರುವ ಪುಟ್ಟ ಹುಡುಗಿಯನ್ನು ಹುಡುಕಿ, ಅವಳ ಸೊಂಟದಲ್ಲಿ ಏನು ನೇತಾಡುತ್ತಿದೆ ನೋಡಿ. ಕೋಳಿ! ಕಾವಲು ಪಡೆಯ ನಡುವೆ ಕೋಳಿ ಯಾಕೆ ಬಂತು ಎಂದು ಒಂದು ಸಂಜೆ ತಲೆ ಕೆಡಿಸಿಕೊಳ್ಳಲಿ. 1642ರ ಈ ಚಿತ್ರವನ್ನು 1715ರಲ್ಲಿ ನಗರಸಭೆಯ ಗೋಡೆಗೆ ಹಿಡಿಸಲೆಂದು ನಾಲ್ಕೂ ಅಂಚಿನಲ್ಲಿ ಕತ್ತರಿಸಿದರು ಎಂದು ಆಮೇಲೆ ಹೇಳಿ. ನಮ್ಮ ಮನೆಯಲ್ಲಿ ಅದನ್ನು ಕೇಳಿ ಮೊಮ್ಮಗಳು ನಿಜಕ್ಕೂ ಸಿಟ್ಟಾದಳು, ಆ ಸಿಟ್ಟು ನನಗೆ ಬಹಳ ಇಷ್ಟವಾಯಿತು.

ಪ್ರಶ್ನೆ: ಮಕ್ಕಳ ಕೈಗೆ ಪರದೆ ಕೊಡುವುದು ನಮಗಿಷ್ಟವಿಲ್ಲ. ಪರದೆಯಿಲ್ಲದೆ ಈ ಹವ್ಯಾಸ ಸಾಧ್ಯವೇ? — ಓದುಗ ದಂಪತಿ

ಉತ್ತರ: ನನ್ನ ಹಳೆಯ ಕೆಲಸದ ಮಾತು ತೆಗೆದಿದ್ದೀರಿ, ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಅಂಚೆಚೀಟಿಯಿಂದ ಶುರು ಮಾಡಿ. ದೇಶದ ಹೆಸರು ಓದುವುದೇ ಅಲ್ಲೊಂದು ಆಟ. ಸ್ವಿಟ್ಜರ್ಲೆಂಡಿನ ಚೀಟಿಯ ಮೇಲೆ ‘ಹೆಲ್ವೇಶಿಯಾ’ ಎಂದಿರುತ್ತದೆ, ಹಂಗೇರಿಯದರ ಮೇಲೆ ‘ಮಜರ್’. ಯಾವ ಹೆಸರೂ ಇಲ್ಲದೆ ರಾಜನ ಅಥವಾ ರಾಣಿಯ ಮುಖ ಮಾತ್ರ ಇದ್ದರೆ ಅದು ಬ್ರಿಟನ್ನಿನದು. 1840ರಲ್ಲಿ ಮೊದಲ ಅಂಚೆಚೀಟಿ ಹೊರಡಿಸಿದ ದೇಶಕ್ಕೆ ಹೆಸರು ಹಾಕದಿರುವ ವಿನಾಯಿತಿ ಇಂದಿಗೂ ಉಳಿದಿದೆ. ಭೂತಾನ್ 1970ರ ದಶಕದ ಆರಂಭದಲ್ಲಿ ಪುಟಾಣಿ ಗ್ರಾಮಫೋನ್ ತಟ್ಟೆಗಳನ್ನೇ ಅಂಚೆಚೀಟಿಯಾಗಿ ಹೊರಡಿಸಿತ್ತು. ಹಿಂಬದಿಯಲ್ಲಿ ಅಂಟು, ಮುಂಬದಿಯಲ್ಲಿ ಹಾಡು! ರೆಕಾರ್ಡ್ ಪ್ಲೇಯರಿನ ಮೇಲಿಟ್ಟರೆ ಅಲ್ಲಿನ ರಾಷ್ಟ್ರಗೀತೆ, ಜಾನಪದ ಗೀತೆ ಕೇಳುತ್ತಿದ್ದವು. ಹೊಸ ಚೀಟಿಗಳ ಚೆಂದದ ಕಟ್ಟು ಕೊಳ್ಳುವುದಕ್ಕಿಂತ ಲಕೋಟೆಯ ಸಮೇತ ಸಿಗುವ ಹಳೆಯ ಚೀಟಿ ಮೇಲೆಂಬುದು ನನ್ನ ಖಚಿತ ಅಭಿಪ್ರಾಯ. ಮೊಹರಿನಲ್ಲಿ ಊರಿದೆ, ತಾರೀಖಿದೆ. ಆ ಊರನ್ನು ಅಟ್ಲಾಸಿನಲ್ಲಿ ಹುಡುಕುವುದಕ್ಕೇ ಒಂದು ಸಂಜೆ ಬೇಕು.

ಎರಡನೆಯದು ಪೋಸ್ಟ್‌ಕಾರ್ಡ್. ಪೋರ್ಚುಗಲ್ಲಿನಲ್ಲಿ 2005ರಲ್ಲಿ ಆರಂಭವಾದ ಪೋಸ್ಟ್‌ಕ್ರಾಸಿಂಗ್ ಎಂಬ ವ್ಯವಸ್ಥೆಯಲ್ಲಿ, ನೀವು ಅಪರಿಚಿತರೊಬ್ಬರಿಗೆ ಕಾರ್ಡು ಕಳಿಸುತ್ತೀರಿ. ಅದು ತಲುಪಿದ ಮೇಲೆ ಜಗತ್ತಿನ ಇನ್ನಾವುದೋ ಮೂಲೆಯಿಂದ ಬೇರೊಬ್ಬರು ನಿಮಗೆ ಕಳಿಸುತ್ತಾರೆ. ವಿಳಾಸ ಪಡೆಯುವಷ್ಟಕ್ಕೆ ಮಾತ್ರ ದೊಡ್ಡವರು ಪರದೆ ಮುಟ್ಟಿದರೆ ಸಾಕು. ಹೆಸರು, ವಿಳಾಸ ದೊಡ್ಡವರದ್ದೇ ಇರಲಿ, ಬರಹ ಮಕ್ಕಳದ್ದಾಗಲಿ. ‘ನಿಮ್ಮ ದೇಶ ಸುಂದರ’ ಎಂದು ಬರೆಯುವುದರಿಂದ ಏನೂ ಬರುವುದಿಲ್ಲ. ‘ನಿಮ್ಮ ಕಿಟಕಿಯಿಂದ ಹೊರಗೆ ಏನು ಕಾಣುತ್ತದೆ?’ ಎಂಬುದು ಬಹಳ ಒಳ್ಳೆಯ ಸಾಲು, ಅದೃಷ್ಟವಿದ್ದರೆ ಅದಕ್ಕೆ ಉತ್ತರವೂ ಬಂದೀತು.

ಮೂರನೆಯದು ನನ್ನ ಗಂಡನ ಕ್ಷೇತ್ರ, ಶಾರ್ಟ್‌ವೇವ್ ರೇಡಿಯೋ. ಈ ತರಂಗಗಳು ವಾತಾವರಣದ ಮೇಲಿನ ಪದರವಾದ ಅಯಾನುಗೋಳಕ್ಕೆ ಬಡಿದು ನೆಲಕ್ಕೆ ಮರಳುವುದರಿಂದ ಸಾವಿರಾರು ಕಿಲೋಮೀಟರ್ ಆಚೆಯ ದನಿಯೂ ಕೇಳುತ್ತದೆ. ಕತ್ತಲಾದ ಮೇಲೆ ಕಡಿಮೆ ಕಂಪನಾಂಕದ ಬ್ಯಾಂಡುಗಳು ಜೀವ ತಳೆಯುತ್ತವೆ. ಎಷ್ಟು ಗಂಟೆಗೆ, ಯಾವ ಕಂಪನಾಂಕದಲ್ಲಿ, ಏನು ಕೇಳಿಸಿತು, ಎಷ್ಟು ಸ್ಪಷ್ಟವಿತ್ತು ಎಂದು ಬರೆದು ನಿಲಯಕ್ಕೆ ಕಳಿಸಿದರೆ ಹಲವು ನಿಲಯಗಳು ದೃಢೀಕರಿಸುವ ಚಿತ್ರಕಾರ್ಡು ಕಳಿಸುತ್ತವೆ. ಕ್ಯೂಎಸ್‌ಎಲ್ ಕಾರ್ಡು ಎಂದು ಅದಕ್ಕೆ ಹೆಸರು. ಗೊರಗೊರ ಸದ್ದಿನ ನಡುವೆ ದೂರದ ದನಿಯೊಂದು ತನ್ನ ಹೆಸರು ಹೇಳುವವರೆಗೆ ಮಕ್ಕಳು ಉಸಿರು ಬಿಗಿಹಿಡಿದು ಕೂರುವುದನ್ನು ನೀವೇ ನೋಡಬೇಕು.

ಪ್ರಶ್ನೆ: ಒಂದು ದೇಶದ ಸಾಂಪ್ರದಾಯಿಕ ಉಡುಗೆ ತೊಟ್ಟು ಮಕ್ಕಳೊಂದಿಗೆ ಆಚರಿಸಿದೆವು. ಅಲ್ಲಿ ಕೆಲವು ಕಾಲ ಇದ್ದ ಬಂಧುಗಳು ‘ಅಲ್ಲಿ ಹೀಗೆಲ್ಲ ಇಲ್ಲ’ ಎಂದರು. ಮನಸ್ಸಿಗೆ ಬೇಸರವಾಯಿತು.

ಉತ್ತರ: ನಿಮ್ಮ ಉತ್ಸಾಹದಲ್ಲಿ ದೋಷವಿಲ್ಲ. ಆದರೆ ಬಂಧುಗಳ ಮಾತಿನಲ್ಲಿ ಹುರುಳಿದೆ. ಹಬ್ಬದ ಉಡುಗೆ ತೊಟ್ಟು ಯಾರೂ ದಿನಾ ಬಸ್ಸಿಗೆ ಕಾಯುವುದಿಲ್ಲ. ಪ್ರವಾಸೋದ್ಯಮದ ಚಿತ್ರಗಳು ಒಂದು ಜನಾಂಗದ ಹಬ್ಬದ ದಿನವನ್ನಷ್ಟೇ ತೋರಿಸುತ್ತವೆ. ನೀವು ಅವರ ಮಂಗಳವಾರವನ್ನು ಹುಡುಕಿ. ಆ ಊರಿನ ಬಸ್ ವೇಳಾಪಟ್ಟಿ, ಶಾಲೆಗಳ ರಜಾಪಟ್ಟಿ, ಸ್ಥಳೀಯ ಪತ್ರಿಕೆಯ ‘ಕಳೆದುಹೋಗಿದೆ’ ಪ್ರಕಟಣೆ, ಇವನ್ನು ಯಂತ್ರಾನುವಾದದಲ್ಲಿ ಓದಿದರೂ ಅಲ್ಲಿನ ಬದುಕು ಕಣ್ಣಿಗೆ ಕಟ್ಟುತ್ತದೆ. ಕೊನೆಯ ಬಸ್ ಸಂಜೆ ಆರಕ್ಕೇ ಹೊರಡುತ್ತದೆ ಎಂದು ಗೊತ್ತಾದಾಗ ಆ ಊರಿನ ರಾತ್ರಿ ಎಷ್ಟು ಉದ್ದವೆಂದು ತಿಳಿಯುತ್ತದೆ.

ಜನರು ತಾವೇ ತಮ್ಮ ಊರನ್ನು ತೋರಿಸಿದ ಪ್ರಸಂಗಗಳನ್ನು ಹುಡುಕಿದರೆ ಇನ್ನೂ ಒಳ್ಳೆಯದು. ಉತ್ತರ ಅಟ್ಲಾಂಟಿಕ್‌ನಲ್ಲಿ 18 ದ್ವೀಪಗಳ ಗುಂಪು ಫೆರೋ. ಅಲ್ಲಿ ಮನುಷ್ಯರಿಗಿಂತ ಕುರಿಗಳೇ ಹೆಚ್ಚು. ನಕ್ಷೆಯ ಬೀದಿ ಚಿತ್ರಗಳಲ್ಲಿ ತಮ್ಮ ದ್ವೀಪಗಳಿಲ್ಲವೆಂದು ಅಲ್ಲಿನವರು 2016ರಲ್ಲಿ ಕುರಿಗಳ ಬೆನ್ನಿಗೆ ಸೌರಶಕ್ತಿಯ ಕ್ಯಾಮೆರಾ ಕಟ್ಟಿ ಬೆಟ್ಟಕ್ಕೆ ಬಿಟ್ಟರು. 2020ರ ಏಪ್ರಿಲಿನಲ್ಲಿ, ಸೋಂಕಿನ ಕಾರಣ ಪ್ರವಾಸಿಗರು ಬರುವಂತಿಲ್ಲದಾಗ, ದ್ವೀಪದವರು ತಲೆಗೆ ಕ್ಯಾಮೆರಾ ತೊಟ್ಟು ಹೊರಟರು. ಮನೆಯಲ್ಲಿ ಕುಳಿತವರು ಸರದಿಯಂತೆ ಮೊಬೈಲಿನಿಂದ ‘ಎಡಕ್ಕೆ ಹೋಗಿ’, ‘ಬಲಕ್ಕೆ ತಿರುಗಿ’ ಎಂದರೆ ಹಾಗೇ ನಡೆದರು. ಆ ದೃಶ್ಯಗಳಲ್ಲಿ ಮಳೆಯಿದೆ, ಮಂಜಿದೆ, ಏದುಸಿರಿದೆ.

ಪ್ರಶ್ನೆ: ‘ದೇಶ ಸುತ್ತು, ಕೋಶ ಓದು’ ಎನ್ನುತ್ತಾರೆ. ಸುತ್ತುವ ಶಕ್ತಿ ನಮಗಿಲ್ಲ. ಹೀಗೆ ತೋರಿಸಿ ತೋರಿಸಿ ಮಕ್ಕಳ ಆಸೆ ಕೆರಳಿಸಿದಂತಾಗದೇ?

ಉತ್ತರ: ಆಗುತ್ತದೆ. ಆಸೆ ಇರಲಿ ಬಿಡಿ. ‘ನಾವು ಹೋಗಲಾರೆವು’ ಎಂಬ ಮಾತನ್ನು ಮಾತ್ರ ಅವರೆದುರು ಆಡಬೇಡಿ. ಅವರು ಎಲ್ಲಿಗೆ ಹೋಗಬಲ್ಲರು ಎಂಬುದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಪ್ರಶ್ನೆ: ನಾವು ಹೊಸದಾಗಿ ಶುರು ಮಾಡುವವರು. ಮೊದಲ ಜಾಗ ಯಾವುದಿರಲಿ, ನೀವೇ ಹೇಳಿಬಿಡಿ.

ಉತ್ತರ: ಟ್ರಿಸ್ಟನ್ ಡ ಕೂನ್ಯಾ. ದಕ್ಷಿಣ ಅಟ್ಲಾಂಟಿಕ್‌ನ ನಡುವೆ, ಬ್ರಿಟನ್ನಿನ ಆಡಳಿತಕ್ಕೆ ಸೇರಿದ ಜ್ವಾಲಾಮುಖಿ ದ್ವೀಪ. ಇಡೀ ದ್ವೀಪಕ್ಕೆ ಒಂದೇ ಊರು, ಮುನ್ನೂರಕ್ಕೂ ಕಡಿಮೆ ಜನ. ಜನವಸತಿಯಿರುವ ಹತ್ತಿರದ ನೆಲವಾದ ಸೇಂಟ್ ಹೆಲೆನಾ 2,400 ಕಿಲೋಮೀಟರ್ ದೂರ. ವಿಮಾನ ನಿಲ್ದಾಣವಿಲ್ಲ. ಕೇಪ್‌ಟೌನ್‌ನಿಂದ ಹಡಗಿನಲ್ಲಿ ಸುಮಾರು ಒಂದು ವಾರ. ಚಿಕ್ಕ ಜಾಗವಾದ್ದರಿಂದ ನಿಮ್ಮ ಮಕ್ಕಳು ಅದನ್ನು ಪೂರ್ತಿಯಾಗಿ ತಮ್ಮದಾಗಿಸಿಕೊಳ್ಳಬಹುದು. ಪ್ರತಿ ದಾರಿ, ಪ್ರತಿ ಕೊಲ್ಲಿ, ಊರಾಚೆಯ ಆಲೂಗೆಡ್ಡೆ ಹೊಲಗಳು ಕೂಡ ನಕ್ಷೆಯಲ್ಲಿ ಸಿಗುತ್ತವೆ. ಅಲ್ಲಿ ಆಲೂಗೆಡ್ಡೆ ಎಷ್ಟು ಮುಖ್ಯವೆಂದರೆ, ತಮಗೂ ಸ್ವಂತ ಅಂಚೆಚೀಟಿ ಬೇಕೆಂದು ಕೇಳಲು 1946ರಲ್ಲಿ ತಯಾರಿಸಿದ ಮಾದರಿ ಚೀಟಿಯ ಮೇಲೆ ಒಂದು ಪೆನ್ನಿ ಎಂಬುದರ ಜೊತೆಗೆ ನಾಲ್ಕು ಆಲೂಗೆಡ್ಡೆ ಎಂದೂ ಬೆಲೆ ನಮೂದಿಸಿದ್ದರು. 1961ರಲ್ಲಿ ಊರಿನ ಪಕ್ಕದಲ್ಲೇ ಜ್ವಾಲಾಮುಖಿ ಸಿಡಿದಾಗ ಎಲ್ಲರನ್ನೂ ಇಂಗ್ಲೆಂಡಿಗೆ ಸಾಗಿಸಿದರು. ಬಹುಪಾಲು ಜನ 1963ರಲ್ಲಿ ಹಟ ಹಿಡಿದು ಮರಳಿ ಬಂದರು. ಯಾಕೆ ಮರಳಿದರು ಎಂಬುದನ್ನು ಮನೆಯಲ್ಲಿ ಮಾತಾಡಿ, ದೊಡ್ಡವರು ಒಂದು ಉತ್ತರ ಹೇಳಿದರೆ ಮಕ್ಕಳು ಇನ್ನೊಂದನ್ನು ಹೇಳುತ್ತಾರೆ.

ಊರಿನ ಹೆಸರು ಎಡಿನ್‌ಬರೋ ಆಫ್ ದಿ ಸೆವೆನ್ ಸೀಸ್. ಅವರ ಟಪಾಲು ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋಗಿ ಸೇರುತ್ತಿದ್ದುದರಿಂದ 2005ರಲ್ಲಿ ಅವರಿಗೆ ಬ್ರಿಟಿಷ್ ಮಾದರಿಯ ಪಿನ್‌ಕೋಡ್ ಕೊಟ್ಟರು. ಇದನ್ನು ಬರೆಯುವಾಗ ನನ್ನ ಕೈಗೆ ಹಳೆಯ ಉತ್ಸಾಹ ಮರಳುತ್ತದೆ.

ಹಡಗುಗಳ ವೇಳಾಪಟ್ಟಿಯನ್ನು ದ್ವೀಪದವರೇ ಪ್ರಕಟಿಸುತ್ತಾರೆ. ಕೇಪ್‌ಟೌನ್‌ನಿಂದ ಮುಂದಿನ ಹಡಗು ಹೊರಡುವ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಂದಿನಿಂದ ದಿನಕ್ಕಿಷ್ಟು ಎಂದು ನಕ್ಷೆಯ ಮೇಲೆ ದಾರ ಎಳೆಯುತ್ತಾ ಬನ್ನಿ. ಬಂದರು ಬಹಳ ಚಿಕ್ಕದು. ದೊಡ್ಡ ಹಡಗು ಹೊರಗೇ ಲಂಗರು ಹಾಕಬೇಕು, ಸಮುದ್ರ ಶಾಂತವಾದಾಗ ಮಾತ್ರ ಜನ, ಸಾಮಾನು, ಟಪಾಲು ದಡಕ್ಕಿಳಿಯುತ್ತವೆ. ಅಲೆ ಜೋರಿದ್ದರೆ ದಿನಗಟ್ಟಲೆ ಕಾಯಬೇಕಾದೀತು. ಆ ದಿನಗಳಲ್ಲಿ ನೀವೂ ದಾರವನ್ನು ದಡ ಮುಟ್ಟಿಸಬೇಡಿ.